ಅಣಬೆ ಸ್ಯಾಂಡ್‌ವಿಚ್ ಮತ್ತು ಬಾರದ ಗೆಳೆಯ

14 ಜೂನ್ 2009, ಭಾನುವಾರ. ಕೊಟ್ಟೂರು, ಮಹಡಿಯ ಬಾಡಿಗೆ ಕೋಣೆ.

ಬ್ಲಾಗಿನ ಗೆಳೆಯರೇ, ಮಧ್ಯಾಹ್ನ ದಾವಣಗೆರೆಯಿಂದ ತಂದ ಅಣಬೆಯನ್ನು ಈರುಳ್ಳಿ, ಬೆಳ್ಳುಳ್ಳಿ ಹಾಕಿ ಹುರಿದು, ಬ್ರೆಡ್ಡಿನ ನಡುವೆ ದಪ್ಪಗೆ ತುಂಬಿ ಕಾವಲಿಯ ಮೇಲೆ ಒತ್ತುತ್ತಿದ್ದೆ. ವಾಸನೆ ಹಿಡಿದು ಮನೆಯೊಡತಿ ಮೇಲೆ ಬಂದರು.

"ಸರ, ಮಾಂಸ ಮಾಡಾಕತ್ತೀರೇನ್ರಿ?"

"ಇಲ್ಲಮ್ಮ, ಅಣಬೆ."

"ನಮಗ ಎರಡೂ ಒಂದರಿ. ಈ ಮನ್ಯಾಗ ಅಣಬಿ ಮುಟ್ಟಂಗಿಲ್ಲ. ಮೊದ್ಲು ಹೊರಗ ಹಾಕ್ರಿ."

ಅಷ್ಟರಲ್ಲಿ ಎರಡು ತಟ್ಟೆಗಳು ಅವರ ಕಣ್ಣಿಗೆ ಬಿದ್ದವು. ನಾನು ನೋಡಿ ಮಾಡುತ್ತಿದ್ದ ಪತ್ರಿಕೆಯ ಅಡುಗೆ ಅಂಕಣದಲ್ಲಿ ಕೊಟ್ಟ ಅಳತೆ ಇಬ್ಬರಿಗಾಗಿತ್ತು. ಬರೆದದ್ದನ್ನು ಬದಲಿಸಿ ನನಗೆ ಅಭ್ಯಾಸವಿಲ್ಲ.

"ಯಾರರ ಬರೋರು ಅದಾರೇನ್ರಿ?"

"ಹೂಂ, ಗೆಳೆಯ ಬರ್ತಾನೆ" ಎಂದುಬಿಟ್ಟೆ.

ಅವರ ಮುಖ ಸಡಿಲಾಯಿತು. "ಮನಿಗಿ ಬರೋರ ಊಟ ಚೆಲ್ಲಬಾರದು. ಇವತ್ತೊಂದಿನ ಮಾಡ್ರಿ. ನೀವು ಬಂದು ವರ್ಷಾತು, ನಿಮ್ಮನ್ನ ನೋಡಾಕ ಒಬ್ರು ಬಂದಿದ್ದು ನಾ ಕಂಡಿಲ್ಲ."

ಗೆಳೆಯನಿಗೆಂದು ಒಂದು ಬಟ್ಟಲು ಮೊಸರು ತಂದುಕೊಟ್ಟರು. ಆಮೇಲೆ ಅವನನ್ನು ನೋಡಲು ಕೆಳಗೆ ಬೀದಿ ಬಾಗಿಲ ಕಟ್ಟೆಯ ಮೇಲೆ ಕುಳಿತರು. ನಾನು ಪುಸ್ತಕ ಹಿಡಿದು ಒಂದೇ ಪುಟವನ್ನು ಓದುತ್ತಿದ್ದೆ.

ಮೂರು ಗಂಟೆಗೆ ಕೆಳಗಿನಿಂದಲೇ ಕೂಗಿದರು: "ಹರಪನಹಳ್ಳಿ ಬಸ್ಸೂ ಬಂದು ಹೋತ್ರಿ. ಅವರಿಗೆ ತಪ್ಪಿರಬೇಕು. ಬ್ಯಾಸರ ಮಾಡ್ಕೋಬ್ಯಾಡ್ರಿ, ನೀವು ಉಣ್ರಿ."

ಒಂದೇ ಸ್ಯಾಂಡ್‌ವಿಚ್‌ಗೆ ಹೊಟ್ಟೆ ತುಂಬಿತ್ತು. ಆದರೂ ಎರಡನೆಯದನ್ನೂ ತಿಂದೆ, ಗೆಳೆಯನ ಮೊಸರನ್ನೂ. ಬಟ್ಟಲು ತೊಳೆದಿಟ್ಟಿದ್ದೇನೆ. ನಾಳೆ ಅದನ್ನು ಹಿಂದಿರುಗಿಸುವಾಗ, ಬರುವವರು ಯಾರೂ ಇರಲಿಲ್ಲ ಎಂದು ಅವರಿಗೆ ಹೇಳಬೇಕೆಂದು ತೀರ್ಮಾನಿಸಿದ್ದೇನೆ.