ಆಪರೇಷನ್ ಮುಗಿದ ಮೇಲೆ ಬಂದ ರಿಪೋರ್ಟು

ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಎಲ್ಲರೂ ಬ್ರೇಕಕ್ಕ ಅಂತಲೇ ಕರೆಯುತ್ತಿದ್ದರು. ಹನ್ನೊಂದು ವರ್ಷ ಕಲಿಯುವವರ ಪಕ್ಕ ಕೂತು, ಅವರು ಗಾಬರಿಬಿದ್ದಾಗೆಲ್ಲ ತನ್ನ ಕಾಲ ಕೆಳಗಿನ ಇನ್ನೊಂದು ಬ್ರೇಕು ಒತ್ತಿ ಎಷ್ಟೋ ಕಂಬ, ಗೋಡೆಗಳನ್ನು ಉಳಿಸಿದ್ದಳು. ಬೈಯುವುದರಲ್ಲಿ ಎತ್ತಿದ ಕೈ. ಆದರೂ ಲೈಸೆನ್ಸ್ ಸಿಕ್ಕವರು ಮೊದಲು ಫೋನ್ ಮಾಡುತ್ತಿದ್ದುದು ಅವಳಿಗೇ.

ಮೂವತ್ತೊಂಬತ್ತನೇ ವಯಸ್ಸಿಗೆ ಗರ್ಭಕಂಠದ ಕ್ಯಾನ್ಸರ್ ಅಂತ ಗೊತ್ತಾಯಿತು. ಶುರುವಿನಲ್ಲೇ ಸಿಕ್ಕಿದೆ, ಆಪರೇಷನ್ ಸಾಕಾಗಬಹುದು ಎಂದರು ಡಾಕ್ಟರು. ಆ 'ಬಹುದು' ಅವಳ ಕಿವಿಗೆ ಬೀಳಲೇ ಇಲ್ಲ. ಗರ್ಭಕೋಶ ತೆಗೆದರು. ಮೂರನೇ ವಾರ ಗಂಡನ ಜೊತೆ ರಿಪೋರ್ಟಿಗೆ ಹೋಗುವಾಗ, ಬರುತ್ತಾ ಒಂದು ಜೊತೆ ಚಪ್ಪಲಿ ಕೊಳ್ಳೋಣ ಅಂದುಕೊಂಡಿದ್ದಳು.

"ತೆಗೆದ ಭಾಗದ ಅಂಚುಗಳೆಲ್ಲ ಚೊಕ್ಕವಾಗಿವೆ, ಅಲ್ಲಿ ಕ್ಯಾನ್ಸರ್ ಇಲ್ಲ," ಎಂದರು ಡಾಕ್ಟರು. "ಆದ್ರೆ ಗಡ್ಡೆ ನಾವು ಅಂದುಕೊಂಡಿದ್ದಕ್ಕಿಂತ ಆಳಕ್ಕೆ ಇಳಿದಿತ್ತು. ಸಣ್ಣ ನಾಳಗಳಲ್ಲೂ ಅದರ ಕಣ ಕಂಡಿದೆ. ಮತ್ತೆ ಬರೋ ಸಾಧ್ಯತೆ ಕಡಿಮೆ ಮಾಡೋಕೆ ರೇಡಿಯೇಷನ್ ಕೊಡೋದು ಒಳ್ಳೇದು. ಇಪ್ಪತ್ತೈದು ಸಲ."

"ಎಲ್ಲಾ ತೆಗೆದ್ವಿ ಅಂದಿದ್ರಲ್ಲ?"

"ಕಣ್ಣಿಗೆ ಕಂಡಿದ್ದೆಲ್ಲ ತೆಗೆದಿದ್ದೀವಿ."

ಆಮೇಲೆ ಡಾಕ್ಟರ ತುಟಿ ಅಲ್ಲಾಡುವುದಷ್ಟೇ ಅವಳಿಗೆ ಕಂಡಿತು. ಹೊರಗೆ ಮೆಟ್ಟಿಲ ಮೇಲೆ ನಿಂತು ಗಂಡ ನಿಧಾನವಾಗಿ ಹೇಳಿದ: "ಅಂಡಾಶಯ ಉಳಿಸಿದ್ರಲ್ಲ, ಈ ಕಿರಣಕ್ಕೆ ಅದೂ ಕೆಲಸ ನಿಲ್ಲಿಸುತ್ತಂತೆ. ಮೈ ಬಿಸಿಯೇರೋದು, ನಿದ್ದೆ ಕೆಡೋದು ಎಲ್ಲ ವಯಸ್ಸಿಗೆ ಮುಂಚೇನೇ ಬರುತ್ತಂತೆ."

"ಇದನ್ನೆಲ್ಲ ಯಾವಾಗ ಹೇಳಿದ್ರು ರೀ?"

"ಈಗಷ್ಟೇ. ನಿನ್ನ ಎದುರಿಗೇ."

ಮನೆಯಲ್ಲಿ ಅತ್ತೆ, "ಬೇರನ್ನೇ ಕಿತ್ತ ಮೇಲೆ ಇನ್ನೇನನ್ನ ಸುಡ್ತಾರಂತೆ?" ಎಂದು ಕೇಳಿ, ಸೊಸೆಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು.

ಕಿರಣದ ಗುರಿ ತಪ್ಪದಿರಲೆಂದು ಸೊಂಟದ ಎರಡೂ ಬದಿಗೆ ಹಚ್ಚೆಯ ಸಣ್ಣ ಚುಕ್ಕೆ ಇಟ್ಟರು. ಮೊದಲ ದಿನ ಹೊಟ್ಟೆ ತುಂಬ ನೀರು ಕುಡಿಸಿ, ಕರುಳಿಗೆ ಕಿರಣ ಕಡಿಮೆ ತಾಗಲಿ, ಮೂತ್ರ ತಡೆದುಕೊಂಡಿರಿ ಎಂದು ಮಲಗಿಸಿದರು. ನರ್ಸ್, ಯಂತ್ರ ನಡೆಸುವವನು ಇಬ್ಬರೂ ಹೊರಗೆ ಹೋಗಿ ಗೋಡೆಯಷ್ಟು ದಪ್ಪದ ಬಾಗಿಲು ಹಾಕಿಕೊಂಡರು. ಅವರಿಗೇ ಇಷ್ಟು ಭಯವಿದ್ದರೆ ನನ್ನ ಗತಿಯೇನು ಅಂದುಕೊಂಡಳು. ಯಂತ್ರ ಅವಳ ಸುತ್ತ ಒಂದು ಸುತ್ತು ಬಂತು.

"ಮುಗೀತು, ಏಳಿ ಅಮ್ಮ," ಎಂದಳು ನರ್ಸ್.

"ಏನೂ ಆಗಲೇ ಇಲ್ಲವಲ್ಲ!"

"ಎಲ್ರೂ ಹೀಗೇ ಹೇಳ್ತಾರೆ."

ಆಗುವುದೆಲ್ಲ ಮೂರನೇ ವಾರದಿಂದ ಶುರುವಾಯಿತು. ಭೇದಿ ಹಿಡಿಯಿತು. ತಲೆ ಬಾಚಿಕೊಳ್ಳಲೂ ಕೈ ಏಳಲಿಲ್ಲ. ಬೆಳಗ್ಗೆ ಗಂಡ ಕೈಹಿಡಿದು ಆಟೋ ಹತ್ತಿಸುತ್ತಿದ್ದ, ವಾರಕ್ಕೆ ಐದು ದಿನ, ಐದು ವಾರ.

ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿದ ಡಾಕ್ಟರು ಏನೂ ಕಾಣುತ್ತಿಲ್ಲ ಎಂದರು. ಗಂಡನ ಕಣ್ಣು ತುಂಬಿತು. ಅವಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. "ಈ ಸಲ ಪೂರ್ತಿ ಹೇಳಿ ಡಾಕ್ಟ್ರೇ," ಎಂದು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.