ಧಾರೆಯ ಬುಡ

ಬೈಲಹೊಂಗಲದ ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದ ಸರ್‌ಗೆ ದೂರದ ಗೆಲಾಕ್ಸಿಗಳ ಹುಚ್ಚು. ಕೆಲವು ಗೆಲಾಕ್ಸಿಗಳ ನಡುವಿನಿಂದ ಚಿಮ್ಮುವ ಕಾದ ಅನಿಲದ ಧಾರೆಯನ್ನು ಬೋರ್ಡಿನ ತುಂಬ ಬರೆದು, ಅದರ ಬುಡದ ಮೇಲೆ ಸೀಮೆಸುಣ್ಣ ಕುಟ್ಟುತ್ತಿದ್ದರು.

"ಚಿಮ್ಮೋದು ಎಲ್ಲಾರಿಗೂ ಕಾಣತೈತಿ. ಬುಡಾ ನೋಡ್ರಿ."

ಬುಡಕ್ಕೆ ಧೂಳು ಮುಸುಕಿರುತ್ತದೆ. ದೂರ ದೂರ ನಿಂತ ಎರಡು ದೂರದರ್ಶಕಗಳು ಹಿಡಿದ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಒಂದುಗೂಡಿಸಿದರೆ ಅದು ಬಿಡಿಬಿಡಿಯಾಗಿ ಕಾಣುತ್ತದೆ ಎನ್ನುತ್ತಿದ್ದರು.

ನನ್ನನ್ನು ಕಾಲೇಜು ಬಿಡಿಸಿಯೇ ಸೈ ಎಂದು ಅಪ್ಪ ಹಾರಾಡುತ್ತಿದ್ದ ವಾರ, ಸರ್ ಹೆಂಡತಿಯನ್ನು ಕರೆದುಕೊಂಡು ನೇಸರಗಿಯ ನಮ್ಮ ಮನೆಗೆ ಬಂದರು. ಪಡಸಾಲೆಯಲ್ಲಿ ಕುಳಿತು ಅವರು ಅಪ್ಪನ ಕೂಗಾಟ ಕೇಳಿದರು. ಅವರ ಹೆಂಡತಿ ಅಡುಗೆಮನೆಯಲ್ಲಿ ಅವ್ವನ ಮಾತು ಕೇಳಿದರು. ಹೊರಟವರು ಅಂಗಳದಲ್ಲಿ ನಿಂತು ಏನೋ ಪಿಸುಗುಟ್ಟಿಕೊಂಡರು. ಸರ್ ಮತ್ತೆ ಒಳಗೆ ಬಂದರು.

"ಮಗಳ ಬಸ್ ತಡಾ ಆದ್ರ ನೀವು ಉಣ್ಣಂಗಿಲ್ಲಂತಲ್ರೀ?"

ಅಪ್ಪನ ದನಿ ಇಳಿದುಹೋಯಿತು. "ಸ್ಟ್ಯಾಂಡಿನ್ಯಾಗ ಒಬ್ಬಾಕಿನ ನಿಂತಿರತಾಳಲ್ರೀ ಸರ. ಕತ್ತಲಾದ್ರ ನನ್ನ ಜೀವ ನಿಲ್ಲಂಗಿಲ್ಲ."

ಮರುದಿನದಿಂದ ಸಂಜೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ, ನನ್ನ ಬಸ್ಸು ಬರುವ ತನಕ, ಈ ಮಗ್ಗುಲಿಗೆ ಸರ್, ಆ ಮಗ್ಗುಲಿಗೆ ಅವರ ಹೆಂಡತಿ ನಿಂತಿರುತ್ತಿದ್ದರು.