ಪಟ್ಟಿ ಬಿಚ್ಚುವಾಗ ಇರ್ತೀಯಲ್ಲ?

ಬೆಳಗಿನ ಐದೂವರೆ. ಮೆಹದಿಪಟ್ಟಣಂನ ಬಸ್ಸುಗಳು ಇನ್ನೂ ಆಕಳಿಸುತ್ತಿವೆ. ಅಲ್ಲೇ ಕೂಗಳತೆಯಲ್ಲಿರುವ ಕಣ್ಣಾಸ್ಪತ್ರೆಯ ಮೊದಲ ಮಹಡಿಯಲ್ಲಿ ಹಸಿರು ಗೌನು ತೊಟ್ಟ ಹದಿನಾಲ್ಕು ಜನ ಸಾಲಾಗಿ ಕೂತಿದ್ದಾರೆ. ಪಾರ್ವತಿಬಾಯಿ ಒಬ್ಬೊಬ್ಬರ ಗದ್ದ ಎತ್ತಿ, ಪಾಪೆ ಹಿಗ್ಗಿಸುವ ಹನಿ ಬಿಟ್ಟು, ಆಪರೇಷನ್ ಆಗಬೇಕಾದ ಕಣ್ಣಿನ ಮೇಲೆ, ಹಣೆಗೊಂದು ನೀಲಿ ಗುರುತು ಹಾಕುತ್ತಾ ಬರುತ್ತಾರೆ. ಹತ್ತು ನಿಮಿಷಕ್ಕೊಂದು ಸುತ್ತಿನಂತೆ ಮೂರು ಸುತ್ತು. ದಿನಕ್ಕೆ ನಲವತ್ತು ಜನ. ಒಂಬತ್ತು ವರ್ಷದಿಂದ ಇದೇ ಕೆಲಸ.

ಹನಿ ಬಿಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಕಷ್ಟವಿರುವುದು ಭಯ ಬಿಡಿಸುವುದರಲ್ಲಿ. ಹೆದರಿದವರ ಮೇಲೆ ಕಪ್ಪೆ ಎಸೆದಂತೆ, ಊರು ಬಿಡುವಾಗಲೇ ಯಾರೋ ಒಬ್ಬರು ಕತೆ ಹೇಳಿ ಕಳಿಸಿರುತ್ತಾರೆ. “ಕಣ್ಣ ಕಿತ್ತು ತಾಟಿನ್ಯಾಗ ಇಟ್ಟು ತೊಳೀತಾರಂತ, ಖರೇ ಏನು ಅಂತ ಕೇಳ್ತಾರ್ರಿ. ಒಬ್ಬ ಮುತ್ಯಾ ನನ್ನ ಕಿವ್ಯಾಗ, ಆಡಿನ ಕಣ್ಣ ಹಾಕಬ್ಯಾಡಂತ ಡಾಕ್ಟರಿಗೆ ಹೇಳವ್ವಾ ಅಂದಿದ್ದ” ಎಂದು ನಗುತ್ತಾರೆ ಪಾರ್ವತಿಬಾಯಿ. ತೆಲುಗಿನವರಿಗೆ ತೆಲುಗು, ಈ ನಗರದ ಹಳೇ ಭಾಗದವರಿಗೆ ಹಿಂದಿ, ರಾಯಚೂರು, ಯಾದಗಿರಿ ಕಡೆಯವರಿಗೆ ಕನ್ನಡ. ಅವರದೇ ಮಾತು ಕಿವಿಗೆ ಬಿದ್ದರೆ ಅರ್ಧ ನಡುಕ ಇಳಿಯುತ್ತದಂತೆ.

ಇದನ್ನು ಅವರಿಗೆ ಕಲಿಸಿದ್ದು ಅವರ ತಾಯಿ. ಶಹಾಪುರದಿಂದ ತಾಯಿಯನ್ನು ಹೀಗೇ ಒಂದು ಆಸ್ಪತ್ರೆಗೆ ಕರೆತಂದಿದ್ದರು. ಸುತ್ತ ಒಂದು ಮಾತೂ ಅರ್ಥವಾಗದೆ ಮುದುಕಿ ಗೌನಿನಲ್ಲೇ ಎದ್ದು ಹೊರಗೆ ಬಂದು, “ಮನೀಗೆ ಒಯ್ಯಿ” ಎಂದು ಮಗಳ ಸೆರಗು ಹಿಡಿದರು. ಮತ್ತೆ ಬಂದರಾಯಿತು ಎಂದು ಹೊರಟವರು ಮತ್ತೆ ಬರಲಿಲ್ಲ. “ಕಡೇ ನಾಕು ವರ್ಷ ನನ್ನ ಮಾರಿ ಸವರಿ ಸವರಿ ಕೇಳ್ತಿದ್ಲರಿ, ಈಗ ನೀ ಹ್ಯಾಂಗ ಕಾಣ್ತೀ ಅಂತ. ಏನಂತ ಹೇಳ್ಲಿ? ಹಂಗಾ ಅದೀನವ್ವಾ ಅಂತಿದ್ದೆ.” ಆ ಕೈಯ ಸ್ಪರ್ಶ ಇನ್ನೂ ಅವರ ಕೆನ್ನೆಯಿಂದ ಹೋಗಿಲ್ಲ.

ಸಾಲಿನ ಕೊನೆಯಲ್ಲಿ ಮಸ್ಕಿ ಕಡೆಯ ಗದಿಗೆಮ್ಮ ಕೂತಿದ್ದಾರೆ. ಎಪ್ಪತ್ತು ದಾಟಿದವರು. ಎಡಗಣ್ಣನ್ನು ಬಾಲ್ಯದಲ್ಲೇ ಸಿಡುಬು ಒಯ್ದಿದೆ. ಬಲಗಣ್ಣಿಗೆ ಪೊರೆ. “ಇರೋದೊಂದು. ಬಾಗಲಾ ಯಾವುದು, ಗ್ವಾಡಿ ಯಾವುದು ಅಷ್ಟರ ತಿಳಿತೈತಿ. ಅದೂ ಹೋದ್ರ?” ಎಂದು ಅವರು ಗೌನಿನ ದಾರ ಬಿಚ್ಚತೊಡಗುತ್ತಾರೆ. ಪಾರ್ವತಿಬಾಯಿ ಆ ಕೈ ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ಗದಿಗೆಮ್ಮ ದಾರ ಬಿಟ್ಟು, “ನಾಳೆ ಪಟ್ಟಿ ಬಿಚ್ಚುವಾಗ ನೀ ಇರ್ತೀಯಲ್ಲ?” ಎನ್ನುತ್ತಾರೆ.

“ಇರ್ತೀನಿ.”

ಆಮೇಲೆ ಪಾರ್ವತಿಬಾಯಿ, ತಮ್ಮ ಕೆಲಸದ ಬಗ್ಗೆ ಬರೆಯಲು ಬಂದಿರುವ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ: “ಎಲ್ಲಾರೂ ಇದನ್ನ ಕೇಳ್ತಾರ್ರಿ. ಎಲ್ಲಾರಿಗೂ ಹೂಂ ಅಂತೀನಿ. ಒಂದಿನಾನೂ ಹೋಗಿಲ್ಲ.” ಪಟ್ಟಿ ಬಿಚ್ಚುವುದು ಮೂರನೇ ಮಹಡಿಯಲ್ಲಿ, ಬೆಳಗಿನ ಎಂಟಕ್ಕೆ. ಆಗ ಇಲ್ಲಿ ಇನ್ನೊಂದು ಸಾಲು ಕೂತಿರುತ್ತದೆ.

ಮರುದಿನ ಎಂಟಕ್ಕೆ ನಾನು ಮೂರನೇ ಮಹಡಿಯಲ್ಲಿದ್ದೇನೆ. ನರ್ಸ್ ಪ್ರಿಯಂವದಾ ಗದಿಗೆಮ್ಮನ ಪಟ್ಟಿ ಬಿಚ್ಚಿ, ರೆಪ್ಪೆ ಒರೆಸಿ, “ಕನ್ನು ತೆರವಮ್ಮಾ” ಎಂದು ತೆಲುಗಿನಲ್ಲಿ ಕಣ್ಣು ತೆರೆಯಲು ಹೇಳುತ್ತಾರೆ. ಗದಿಗೆಮ್ಮ ತೆರೆಯುವುದಿಲ್ಲ. “ಆಕಿ ಬರ್ಲಿ. ಇರ್ತೀನಿ ಅಂದಾಳ.” ಡಾಕ್ಟರು ಹೇಳಿದರೂ ಅದೇ ಮಾತು.

ಓಡಿಹೋಗಿ ಪಾರ್ವತಿಬಾಯಿಗೆ ತಿಳಿಸುತ್ತೇನೆ. ಎರಡನೇ ಸುತ್ತು ಆಗಷ್ಟೇ ಮುಗಿದಿದೆ, ಮೂರನೆಯದಕ್ಕೆ ಹತ್ತು ನಿಮಿಷವಿದೆ. ಆದರೂ ಅವರು ಏಳುವುದಿಲ್ಲ. ಹತ್ತು ನಿಮಿಷದ ಬಿಡುವು ದಿನವೂ ಇತ್ತಲ್ಲವೇ ಎಂದು ನಾನು ಕೇಳಿಯೇ ಬಿಡುತ್ತೇನೆ.

“ಇತ್ತರಿ” ಎನ್ನುತ್ತಾರೆ, ಕೈಯಲ್ಲಿನ ಸೀಸೆ ನೋಡುತ್ತಾ. “ಏನೂ ಆಗೂದಿಲ್ಲ ಅಂತ ಹೇಳಿದಾಕಿ ನಾನು. ಹೋಗಿ ನಿಂತಾಗ ಆಕಿಗೆ ಕಾಣದಿದ್ರ? ನನಗ ಭಾಳ ಅಂಜಿಕಿ ಬರ್ತೈತ್ರಿ.” ಊರವರ ಭಯವನ್ನೆಲ್ಲ ಬಿಡಿಸುವ ಹೆಂಗಸಿಗೆ ತನ್ನದನ್ನು ಹೇಳಿಕೊಳ್ಳಲು ಒಂಬತ್ತು ವರ್ಷ ಬೇಕಾಗಿದೆ. ಸೀಸೆಯನ್ನು ಟ್ರೇನಲ್ಲಿಟ್ಟು ಎದ್ದು, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತುತ್ತಾರೆ.

“ಬಂದೀನಿ, ಗದಿಗೆಮ್ಮವ್ವಾ.”

ಗದಿಗೆಮ್ಮ ಮೊದಲು ಕೈ ಚಾಚಿ ಅವರ ಕೈ ಹಿಡಿಯುತ್ತಾರೆ. ಅದೇ ಕೈ ಎಂದು ಖಾತ್ರಿಯಾದ ಮೇಲೆ ಮೆಲ್ಲಗೆ ಕಣ್ಣು ತೆರೆಯುತ್ತಾರೆ. ನೀರು ಸುರಿಯುತ್ತದೆ. ಮತ್ತೆ ಮುಚ್ಚಿ, ಮತ್ತೆ ತೆರೆಯುತ್ತಾರೆ.

“ಮಾರಿ ಮ್ಯಾಲಿನ ಅರಿವಿ ತೆಗಿ.”

ಪಾರ್ವತಿಬಾಯಿ ಮಾಸ್ಕ್ ಇಳಿಸುತ್ತಾರೆ. ಗದಿಗೆಮ್ಮ ಅವರ ಹಣೆ, ಮೂಗು, ಗಲ್ಲ ಎಲ್ಲವನ್ನೂ ಸಾವಕಾಶವಾಗಿ ನೋಡುತ್ತಾರೆ. “ದನಿ ಕೇಳಿ ಸಣ್ಣ ಹುಡುಗಿ ಅಂದ್ಕೊಂಡಿದ್ದೆ. ನಿನ್ನ ಕೂದ್ಲಾನೂ ಬೆಳ್ಳಗಾಗ್ಯಾವಲ್ಲೇ ಯವ್ವಾ! ಗಲ್ಲದ ಮ್ಯಾಲೊಂದು ಮಚ್ಚಿ ಐತಿ. ಚಂದ ಅದಿ.”

ಪಾರ್ವತಿಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಡುತ್ತಾರೆ. ನನ್ನ ಕಣ್ಣೂ ಒದ್ದೆಯಾಗುತ್ತದೆ.

ಹತ್ತು ನಿಮಿಷ ಮುಗಿಯುವ ಮೊದಲೇ ಅವರು ಕೆಳಗಿನ ಸಾಲಿಗೆ ಮರಳುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ಒಬ್ಬರ ಗದ್ದ ಎತ್ತುತ್ತಲೇ ಉತ್ತರಿಸುತ್ತಾರೆ: “ಇನ್ನೇನೈತ್ರಿ. ನಮ್ಮವ್ವನ ಮುಂದ ಹೋಗಿ ಹೇಳಬೇಕು, ನಾ ಹ್ಯಾಂಗ ಕಾಣ್ತೀನಂತ. ಈಗ ಗೊತ್ತಾತು.”